ಭಾವನ ಕಷಾಯ, ಲಂಡನ್ನಿನ ಕಂಡಕ್ಟರ್

ಹೋದ ತಿಂಗಳು ಅಕ್ಕನ ಮನೆಗೆ ಹೋದಾಗ ಹೊಸ್ತಿಲಲ್ಲೇ ಮೂಗು ಮುಚ್ಚಿಕೊಳ್ಳಬೇಕಾಯಿತು. ಅಡುಗೆಮನೆಯಲ್ಲಿ ಭಾವ ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆರಸ, ಸೇಬಿನ ವಿನೆಗರ್ ನಾಲ್ಕನ್ನೂ ಸಮಸಮ ಬೆರೆಸಿ ಸಣ್ಣ ಉರಿಯಲ್ಲಿ ಕುದಿಸುತ್ತಿದ್ದರು. ಬತ್ತಿದ ಮೇಲೆ ಜೇನುತುಪ್ಪ ಸೇರಿಸಿ ದಿನಾ ಬೆಳಿಗ್ಗೆ ಕುಡಿಯಬೇಕಂತೆ, ಹಾರ್ಟ್ ಬ್ಲಾಕೇಜ್ ಎಲ್ಲ ಕರಗಿ ಹೋಗುತ್ತದಂತೆ. ಮೊಬೈಲ್‌ಗೆ ಬಂದ ಸಂದೇಶವನ್ನೂ ತೋರಿಸಿದರು. ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಕೊಲೆಸ್ಟರಾಲ್ ಇಳಿಸಲು ವೈದ್ಯರು ಬರೆದುಕೊಟ್ಟ ಸ್ಟ್ಯಾಟಿನ್ ಮಾತ್ರೆಯ ಪಟ್ಟಿ ಇತ್ತು. ಒಂದು ಮಾತ್ರೆಯೂ ಖರ್ಚಾಗಿರಲಿಲ್ಲ. ಕಷಾಯದ ಮೇಲೆ ನನಗೆ ಸಿಟ್ಟಿಲ್ಲ. ಬೆಳ್ಳುಳ್ಳಿ ರಕ್ತದೊತ್ತಡವನ್ನು ತುಸು ಇಳಿಸಲೂಬಹುದು. ಸಿಟ್ಟು ಬಂದದ್ದು ಆ ತುಂಬಿದ ಪಟ್ಟಿಯನ್ನು ನೋಡಿ.

ಭಾವನ ತರ್ಕ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಅವರದು ಬೋರ್‌ವೆಲ್ ನೀರು. ನಲ್ಲಿಯ ಬಾಯಿಗೆ ಬಿಳಿ ಕರೆ ಕಟ್ಟುತ್ತದೆ, ವಿನೆಗರ್ ಹಾಕಿ ಉಜ್ಜಿದರೆ ಬಿಡುತ್ತದೆ. ನಲ್ಲಿಗೆ ಆದದ್ದು ಹೃದಯದ ನಾಳಕ್ಕೂ ಏಕೆ ಆಗಬಾರದು? ಮೊದಲನೆಯದಾಗಿ, ನಮ್ಮ ಜಠರದ ಆಮ್ಲ ವಿನೆಗರಿಗಿಂತ ಪ್ರಖರ. ಅದರ ಮುಂದೆ ಮೂರು ಚಮಚ ಕಷಾಯದ ಹುಳಿ ಯಾವ ಲೆಕ್ಕ? ರಕ್ತದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಮಾತ್ರ 7.35ರಿಂದ 7.45ರ ನಡುವೆಯೇ ಇರುವಂತೆ ಶ್ವಾಸಕೋಶ, ಮೂತ್ರಪಿಂಡಗಳು ಹಗಲಿರುಳು ಕಾಯುತ್ತವೆ. ಎರಡನೆಯದು ಇನ್ನೂ ಮುಖ್ಯ: ಬ್ಲಾಕೇಜ್ ಪೈಪಿನ ಒಳಮೈಗೆ ಅಂಟಿದ ಕರೆಯೇ ಅಲ್ಲ. ಅದಿರುವುದು ಗೋಡೆಯ ಒಳಗೆ. ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟರಾಲ್ ಒಳಪದರದ ಅಡಿಗೆ ನುಸುಳುತ್ತದೆ, ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳು ನುಂಗಿ ನುಂಗಿ ಉಬ್ಬಿ ಅಲ್ಲೇ ಸಾಯುತ್ತವೆ, ಮೇಲೊಂದು ನಾರಿನ ಮುಚ್ಚಳ ಬೆಳೆಯುತ್ತದೆ. ಕರೆಗಿಂತ ಇದನ್ನು ಕುರುವಿಗೆ ಹೋಲಿಸುವುದು ಸರಿ. ಹಣ್ಣಾದ ಕುರು ಒಡೆದಂತೆ ಮುಚ್ಚಳ ಹರಿದಾಗ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಅದೇ ಹೃದಯಾಘಾತ. ಅರ್ಧದಷ್ಟೂ ಮುಚ್ಚಿರದ ನಾಳದಲ್ಲಿಯೂ ಇದು ಆಗುತ್ತದೆ. ಗೋಡೆಯೊಳಗಿನ ಕುರುವನ್ನು ಓಣಿಯಲ್ಲಿ ನೀರು ಬಿಟ್ಟು ತೊಳೆಯಲಾದೀತೆ?

ಈ ಗೋಡೆಯ ಒಳಪದರ ನನ್ನ ಬಹಳ ದಿನದ ಮೋಹ. ದಪ್ಪ ಒಂದೇ ಒಂದು ಜೀವಕೋಶದಷ್ಟು, ಹೆಸರು ಎಂಡೋಥೀಲಿಯಂ. ಇದು ಬರೀ ಅಸ್ತರು ಎಂದೇ ವಿಜ್ಞಾನಿಗಳು ಬಹುಕಾಲ ತಿಳಿದಿದ್ದರು. ನ್ಯೂಯಾರ್ಕಿನ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದವರು. ನರಗಳು ಬಿಡುವ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ಅವರ ತುಂಡುಗಳು ಬಿಗಿಯುತ್ತಿದ್ದವು. ಜೀವಂತ ಪ್ರಾಣಿಯಲ್ಲಿ ಅದೇ ವಸ್ತು ನಾಳವನ್ನು ಸಡಿಲಿಸುತ್ತಿತ್ತು. ಈ ಒಗಟು ಬಿಡಿಸಿದ್ದು 1978ರಲ್ಲಿ ಸಹಾಯಕನೊಬ್ಬ ಪ್ರಯೋಗದ ಕ್ರಮದಲ್ಲಿ ಮಾಡಿದ ಎಡವಟ್ಟು. ಅಂದು ತುಂಡು ಬಿಗಿಯುವ ಬದಲು ಸಡಿಲಗೊಂಡಿತು. ಹುಡುಕುತ್ತ ಹೋದಾಗ ತಿಳಿದದ್ದು: ಅಷ್ಟು ವರ್ಷವೂ ತುಂಡು ಸಿದ್ಧಪಡಿಸುವಾಗ ಒಳಪದರ ಉಜ್ಜಿ ಹೋಗುತ್ತಿತ್ತು! ಪದರ ಉಳಿದರೆ ನಾಳ ಹಿಗ್ಗುತ್ತದೆ, ಕೆರೆದು ತೆಗೆದರೆ ಸೆಟೆಯುತ್ತದೆ. ಪದರ ಬಿಡುತ್ತಿದ್ದ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಕೆಲವೇ ಸೆಕೆಂಡುಗಳ ಆಯುಸ್ಸು ಅದಕ್ಕೆ. ಈ ಶೋಧಕ್ಕೆ ಸಂದ 1998ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಫರ್ಚ್‌ಗಾಟ್ ಇನ್ನಿಬ್ಬರು ವಿಜ್ಞಾನಿಗಳಾದ ಇಗ್ನಾರೋ, ಮುರಾದ್ ಜೊತೆ ಹಂಚಿಕೊಂಡರು.

ಆ ಪ್ರಶಸ್ತಿಯ ಹೆಸರಿನಲ್ಲೇ ಒಂದು ವಿನೋದವಿದೆ. ಆಲ್‌ಫ್ರೆಡ್ ನೊಬೆಲ್ ಹಣ ಮಾಡಿದ್ದು ನೈಟ್ರೋಗ್ಲಿಸರಿನ್‌ನಿಂದ ಡೈನಮೈಟ್ ತಯಾರಿಸಿ. 1896ರಲ್ಲಿ, ಸಾಯುವ ಕೆಲವೇ ವಾರಗಳ ಮುಂಚೆ, ವೈದ್ಯರು ಅವನ ಎದೆನೋವಿಗೆ ಬರೆದುಕೊಟ್ಟದ್ದು ಅದೇ ನೈಟ್ರೋಗ್ಲಿಸರಿನ್. ಇದೆಂಥ ವಿಧಿಯ ಆಟ ಎಂದು ಗೆಳೆಯನಿಗೆ ಪತ್ರ ಬರೆದ. ನಮ್ಮ ಹಿರಿಯರು ಜೇಬಿನಲ್ಲಿಟ್ಟುಕೊಂಡು ಎದೆ ಹಿಡಿದಾಗ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಅದರ ದಾಯಾದಿ. ಎರಡೂ ದೇಹದಲ್ಲಿ ನೈಟ್ರಿಕ್ ಆಕ್ಸೈಡನ್ನೇ ಬಿಡುತ್ತವೆ.

ಸರಿ, ಮಾತ್ರೆಯಿಲ್ಲದೆ ಈ ಅನಿಲ ಹೊರಡುವುದು ಹೇಗೆ? ಉಜ್ಜಾಟದಿಂದ. ರಕ್ತ ರಭಸದಿಂದ ಹರಿದಾಗ ಒಳಪದರವನ್ನು ಸವರುತ್ತ ಹೋಗುತ್ತದೆ. ಕಾಲುವೆಯ ನೀರು ಏರಿದಾಗ ದಡದ ಹುಲ್ಲು ಬಾಗುವಂತೆ ಪದರದ ಮೇಲಿನ ನವಿರು ಎಳೆಗಳು ಬಾಗುತ್ತವೆ. ಕೋಶದ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ, ಕಿಣ್ವವೊಂದು ಎಚ್ಚೆತ್ತು ಆರ್ಜಿನೀನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ತೆಗೆಯುತ್ತದೆ, ಹೊರಗಿನ ಸ್ನಾಯು ಸಡಿಲಗೊಳ್ಳುತ್ತದೆ. ಮುಟ್ಟಿದರೆ ಮುನಿ ಸೋಕಿದರೆ ಮುದುಡುತ್ತದೆ. ಇದು ಸೋಕಿದರೆ ಅರಳುವ ಗಿಡ. ಜೊತೆಗೆ ಈ ಅನಿಲ ಬಿಳಿ ಕಣಗಳು ಗೋಡೆಗೆ ಅಂಟದಂತೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಗುಂಪುಗೂಡದಂತೆಯೂ ನೋಡಿಕೊಳ್ಳುತ್ತದೆ. ಗಂಟೆಗಟ್ಟಲೆ ಕುಳಿತರೆ ಮಂಡಿಯ ಹಿಂದಿನ ಅಪಧಮನಿಯ ಈ ಗುಣ ಮಂಕಾಗುತ್ತದೆ. ಎದ್ದು ಹತ್ತು ನಿಮಿಷ ನಡೆದರೆ ಚೇತರಿಸಿಕೊಳ್ಳುತ್ತದೆ.

ಇದೊಂದೂ ಗೊತ್ತಿಲ್ಲದ ಕಾಲದಲ್ಲಿ ಜೆರ‍್ರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಬಸ್ ನೌಕರರನ್ನು ಎಣಿಸಿದ. ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಹರಿಯಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. 1953ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಕಂಡಕ್ಟರರಿಗೆ ಹೃದಯಾಘಾತ ಕಡಿಮೆ. ಆಘಾತವಾದರೂ ಬದುಕಿ ಉಳಿಯುವವರು ಹೆಚ್ಚು. ಡ್ರೈವರುಗಳು ಮೊದಲೇ ದಪ್ಪಗಿದ್ದರೋ ಏನೋ ಎಂಬ ಅನುಮಾನ ಬಂದಾಗ ಮಾರಿಸ್ ತಂಡ ಸಮವಸ್ತ್ರದ ದಾಖಲೆ ತೆಗೆದು ಪ್ಯಾಂಟುಗಳ ಸೊಂಟದ ಅಳತೆಯನ್ನೇ ನೋಡಿತು. ಹೌದು, ಡ್ರೈವರುಗಳ ಸೊಂಟ ದಪ್ಪವೇ. ಆದರೆ ಸಣ್ಣಗಿರಲಿ, ದಪ್ಪಗಿರಲಿ, ಹಠಾತ್ ಸಾವು ಕಂಡಕ್ಟರರಲ್ಲೇ ಕಡಿಮೆ. ಪ್ಯಾಂಟಿನ ಅಳತೆಯಿಂದ ವಿಜ್ಞಾನ ತೆಗೆದ ಆ ಮಹಾನುಭಾವ ತಾನೂ 99 ವರ್ಷ ಬದುಕಿದ.

ಆರ್ಜಿನೀನ್‌ನಿಂದ ಅನಿಲ ಬರುವುದಾದರೆ ಆರ್ಜಿನೀನ್ ಪುಡಿಯನ್ನೇ ತಿಂದರಾಯಿತಲ್ಲ? ಜಿಮ್ ಅಂಗಡಿಗಳು ಹೇಳುವುದು ಅದನ್ನೇ. ಹೃದಯಾಘಾತವಾದ 153 ಜನರ ಮೇಲೆ ಅಮೆರಿಕದಲ್ಲಿ ಪರೀಕ್ಷೆ ನಡೆಯಿತು. ಫಲಿತಾಂಶ ಬಂದದ್ದು 2006ರಲ್ಲಿ. ಪುಡಿ ತಿಂದವರಲ್ಲಿ ಆರು ಮಂದಿ ಸತ್ತರು, ಹುಸಿಮಾತ್ರೆ ತಿಂದವರಲ್ಲಿ ಒಬ್ಬರೂ ಇಲ್ಲ. ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಮೀನೆಣ್ಣೆಯ ಗುಳಿಗೆಯ ಪಾಡೂ ಅಷ್ಟಕ್ಕಷ್ಟೇ: 25,871 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೊಂದು ಗ್ರಾಂ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ಐದು ವರ್ಷ ಕಾದರೂ, ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯ ಸಾವು ಇವುಗಳ ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಕರಾವಳಿಯವರು ಬೂತಾಯಿ, ಬಂಗುಡೆಯ ಸಾರು ಬಿಟ್ಟು ಈ ಗುಳಿಗೆ ನುಂಗುವುದನ್ನು ಕಂಡರೆ ನನಗೆ ನಗು ಬರುತ್ತದೆ.

ಊಟದ ವಿಷಯ ನೀವೆಲ್ಲ ಬಲ್ಲದ್ದೇ: ಉಪ್ಪು ದಿನಕ್ಕೆ ಐದು ಗ್ರಾಂ ದಾಟದಿರಲಿ, ವನಸ್ಪತಿಯಲ್ಲಿ ಕರಿದದ್ದು ದೂರವಿರಲಿ, ಕಾಳು ಬೇಳೆ ಹೆಚ್ಚಲಿ. ಸ್ವಾರಸ್ಯವಿರುವುದು ಸೊಪ್ಪಿನಲ್ಲಿ. ದಂಟು, ಪಾಲಕ್, ಬೀಟ್‌ರೂಟ್‌ಗಳ ನೈಟ್ರೇಟನ್ನು ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ. ಎಂಜಲಿನೊಡನೆ ನುಂಗಿದ ಅದು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ದಿನಾ ಎರಡು ಹೊತ್ತು ಕ್ರಿಮಿನಾಶಕ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸುವವರಲ್ಲಿ ಈ ಬ್ಯಾಕ್ಟೀರಿಯಾ ಸತ್ತು, ಸೊಪ್ಪು ತಿಂದದ್ದರ ಲಾಭದಲ್ಲಿ ಒಂದಿಷ್ಟು ಕೈತಪ್ಪುತ್ತದೆ.

ಇಷ್ಟನ್ನೂ ಭಾವನಿಗೆ ಹೇಳಿದೆ. ಮೊಲದ ಕತೆ ಅವರಿಗೆ ರುಚಿಸಲಿಲ್ಲ, ಕಂಡಕ್ಟರನ ಕತೆ ನಾಟಿತು. ಅವರೂ ನಿವೃತ್ತ ಡ್ರೈವರ್. ಈಗ ಸಂಜೆ ಮುಕ್ಕಾಲು ಗಂಟೆ ನಡೆಯುತ್ತಾರೆ, ಮಾತ್ರೆಯ ಪಟ್ಟಿ ಖಾಲಿಯಾಗುತ್ತಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಉಳಿದ ಕಷಾಯವನ್ನು ಅವಳು ಬಚ್ಚಲುಮನೆಯ ನಲ್ಲಿಗೆ ಸುರಿದು ಉಜ್ಜಿದಳಂತೆ. ಬಿಳಿ ಕರೆ ಪೂರ್ತಿ ಬಿಟ್ಟಿತು. ಜೇನಿನ ದೆಸೆಯಿಂದ ಎರಡು ದಿನ ಇರುವೆಯ ಕಾಟವಾಯಿತು, ಅಷ್ಟೇ.