ಹರಿದ ಅಂಗಿ, ಹೊಸ ಮುಖ, ಹಳೆಯ ಕಡತ: ಮೂಡಿಗೆರೆ–ಸಕಲೇಶಪುರದ ಆನೆ ಪ್ರಶ್ನೆಯ ಹಿನ್ನೆಲೆ

2022ರ ನವೆಂಬರ್ 20ರಂದು ಮೂಡಿಗೆರೆ ತಾಲ್ಲೂಕಿನ ಹುಲ್ಲೆಮನೆ ಕುಂದೂರಿನಲ್ಲಿ ಮಹಿಳೆಯೊಬ್ಬರನ್ನು ಕಾಡಾನೆ ಕೊಂದಿತು. ಸಂಜೆ ಸಾಂತ್ವನ ಹೇಳಲು ಬಂದ ಅಂದಿನ ಶಾಸಕ ಎಂ.ಪಿ. ಕುಮಾರಸ್ವಾಮಿ ಅವರನ್ನು ಜನ ಸುತ್ತುವರಿದರು. ಪೊಲೀಸರು ಅವರನ್ನು ಗುಂಪಿನಿಂದ ಬಿಡಿಸಿ ವಾಹನಕ್ಕೆ ಹತ್ತಿಸುವಷ್ಟರಲ್ಲಿ ಅವರ ಅಂಗಿ ಹರಿದಿತ್ತು. ಆ ಹರಿದ ಅಂಗಿಯ ದೃಶ್ಯವನ್ನು ರಾಜ್ಯವೆಲ್ಲ ನೋಡಿತು. ಶವವನ್ನು ಅಂಗಳದಲ್ಲಿಟ್ಟುಕೊಂಡು ಕಾದಿದ್ದ ಊರನ್ನು ನೋಡಿದವರು ಕಡಿಮೆ.

ಆರು ತಿಂಗಳಿಗೆ ಚುನಾವಣೆ ಬಂತು. ಕುಮಾರಸ್ವಾಮಿ ಅವರಿಗೆ ಬಿಜೆಪಿ ಟಿಕೆಟ್ ಕೊಡಲಿಲ್ಲ. ಅದಕ್ಕೆ ಆನೆಯೊಂದೇ ಕಾರಣ ಎನ್ನುವುದು ತಪ್ಪಾಗುತ್ತದೆ, ಪಕ್ಷದೊಳಗೇ ಅವರ ವಿರುದ್ಧ ಅಸಮಾಧಾನವಿತ್ತು. ಅವರು ಜೆಡಿಎಸ್‌ನಿಂದ ನಿಂತರು, ಬಿಜೆಪಿ ದೀಪಕ್ ದೊಡ್ಡಯ್ಯ ಅವರನ್ನು ನಿಲ್ಲಿಸಿತು. ಗೆದ್ದವರು ಕಾಂಗ್ರೆಸ್ಸಿನ ನಯನಾ ಮೋಟಮ್ಮ. ಮೊದಲ ಸ್ಪರ್ಧೆ, 722 ಮತಗಳ ಅಂತರ.

ಅದೇ ದಿನ ಘಾಟಿಯ ಅಂಚಿನ ಇನ್ನೊಂದು ಮೀಸಲು ಕ್ಷೇತ್ರ ಸಕಲೇಶಪುರದಲ್ಲಿ, 2008ರಿಂದ ಸತತ ಮೂರು ಬಾರಿ ಗೆದ್ದಿದ್ದ ಎಚ್.ಕೆ. ಕುಮಾರಸ್ವಾಮಿ ಸೋತರು. ಸುಮಾರು ಎರಡು ಸಾವಿರ ಮತಗಳ ಅಂತರದಲ್ಲಿ ಗೆದ್ದ ಸಿಮೆಂಟ್ ಮಂಜು ಅವರೂ ವಿಧಾನಸಭೆಗೆ ಹೊಸಬರು. ಆ ಸಲ ಹಾಸನ, ಬೇಲೂರು, ಚಿಕ್ಕಮಗಳೂರು ಕ್ಷೇತ್ರಗಳಲ್ಲೂ ಹೊಸಬರೇ ಗೆದ್ದರು. ಆದರೆ ಮೂಡಿಗೆರೆ ಮತ್ತು ಸಕಲೇಶಪುರವನ್ನು ಒಟ್ಟಿಗೆ ಇಟ್ಟು ನೋಡಬೇಕು. ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು, ಎರಡರಲ್ಲೂ ಕಾಫಿ ತೋಟ, ಎರಡರಲ್ಲೂ ಆನೆ. ಹೊಸ ಶಾಸಕರ ಕೈಗೆ ಬಂದ ಕಡತ ಮಾತ್ರ ಅವರ ರಾಜಕೀಯಕ್ಕಿಂತ ಬಹಳ ಹಳೆಯದು.

ಮೊದಲ ಬಾರಿ ನಿಲ್ಲುವವರ ಬಗ್ಗೆ ನಾವು ಕೇಳುವ ಪ್ರಶ್ನೆಗಳು ಗೊತ್ತಿರುವವೇ. ಯಾರ ಮಗಳು, ಯಾರ ಕಡೆಯವರು, ಏನು ಓದಿದ್ದಾರೆ, ಆಸ್ತಿ ಎಷ್ಟು. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನ ನಂತರ ಇವುಗಳಲ್ಲಿ ಹಲವಕ್ಕೆ ಉತ್ತರ ಅಭ್ಯರ್ಥಿ ನಾಮಪತ್ರದೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲೇ ಸಿಗುತ್ತದೆ: ಪ್ರಕರಣಗಳು, ಆಸ್ತಿ, ಸಾಲ, ವಿದ್ಯಾಭ್ಯಾಸ. ನಯನಾ ಅವರ ವಿಷಯದಲ್ಲಿ ಮನೆತನದ ಪ್ರಶ್ನೆಗೆ ಪ್ರಮಾಣಪತ್ರವೂ ಬೇಕಿರಲಿಲ್ಲ. ತಾಯಿ ಮೋಟಮ್ಮ 1978ರಲ್ಲಿ ಇದೇ ಮೂಡಿಗೆರೆಯಿಂದ ವಿಧಾನಸಭೆಗೆ ಹೋದವರು, ಮುಂದೆ ಎಸ್.ಎಂ. ಕೃಷ್ಣ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವೆಯಾದವರು. ಸ್ತ್ರೀಶಕ್ತಿ ಗುಂಪುಗಳು ಹಳ್ಳಿಹಳ್ಳಿಯಲ್ಲಿ ಹುಟ್ಟಿದ್ದು ಆ ಕಾಲದಲ್ಲಿ. ನನಗೆ ಮುಖ್ಯವೆನಿಸುವ ಪ್ರಶ್ನೆ ಯಾವ ಪ್ರಮಾಣಪತ್ರದಲ್ಲೂ ಇಲ್ಲ. ಆನೆ ಇಲ್ಲಿಗೆ ಏಕೆ ಬಂತು ಎಂಬುದು ಅಭ್ಯರ್ಥಿಗೆ ಗೊತ್ತಿದೆಯೇ? ‘ಆನೆ ಸಮಸ್ಯೆಗೆ ಶಾಶ್ವತ ಪರಿಹಾರ’ ಎಂಬ ಸಾಲು ಎಲ್ಲ ಪಕ್ಷಗಳ ಕರಪತ್ರಗಳಲ್ಲೂ ಇರುತ್ತದೆ. ಆ ಸಾಲಿನ ಹಿಂದೆ ಏನಿದೆ ಎಂದು ತಿಳಿಯಲು ನದಿಯಿಂದ ಶುರು ಮಾಡಬೇಕು.

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ. ಸಕಲೇಶಪುರ ಪಟ್ಟಣವನ್ನು ಬಳಸಿಕೊಂಡು ಹರಿದು ಹಾಸನ ತಾಲ್ಲೂಕಿನ ಗೊರೂರಿಗೆ ಬರುತ್ತದೆ. ಅಲ್ಲಿ 1979ರಲ್ಲಿ ಅಣೆಕಟ್ಟೆ ಮುಗಿಯಿತು. ಪೂರ್ಣ ಮಟ್ಟ 2,922 ಅಡಿ, ಸಂಗ್ರಹ ಸುಮಾರು 37 ಟಿಎಂಸಿ. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಚಿತ್ರ ತೆಗೆಯಲು ಪ್ರವಾಸಿಗರು ಎಲ್ಲೆಲ್ಲಿಂದಲೋ ಬರುತ್ತಾರೆ. ಆ ಇಗರ್ಜಿಯ ಸುತ್ತ ಇದ್ದ ಊರುಗಳ ಜನ ಎಲ್ಲಿಗೆ ಹೋದರು ಎಂದು ಕೇಳುವವರು ಅಪರೂಪ.

ಅವರಲ್ಲಿ ಅನೇಕರಿಗೆ ಸರ್ಕಾರ ಬದಲಿ ಜಮೀನು ಕೊಟ್ಟಿತು. ಅದಕ್ಕೆ ಕಾಡಿನ ಜಾಗವನ್ನೂ ಬಿಡಿಸಿಕೊಟ್ಟಿತು. ಆಲೂರು, ಸಕಲೇಶಪುರ, ಅರಕಲಗೂಡು ಕಡೆ ಇಂದಿಗೂ ಅದನ್ನು ಎಚ್‌ಆರ್‌ಪಿ ಜಮೀನು ಎಂದೇ ಕರೆಯುತ್ತಾರೆ. ಹೇಮಾವತಿ ಜಲಾಶಯ ಯೋಜನೆಯ ಇಂಗ್ಲಿಷ್ ಹೆಸರಿನ ಮೂರು ಅಕ್ಷರಗಳು ಪಹಣಿಯ ಭಾಷೆಯಾಗಿ ಉಳಿದುಬಿಟ್ಟಿವೆ. ನೀರಿಗೆ ಮನೆ ಕೊಟ್ಟವರಿಗೆ ಜಮೀನು ಸಿಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಳುಗಡೆಯಾಗದವರ ಹೆಸರಿನಲ್ಲಿ, ನಕಲಿ ದಾಖಲೆಗಳ ಮೇಲೆ ಜಮೀನು ಮಂಜೂರಾದ ದೂರುಗಳೂ ತನಿಖೆಗಳೂ ಹಾಸನ ಜಿಲ್ಲೆಯನ್ನು ಬಹುಕಾಲ ಕಾಡಿವೆ. ಹೀಗೆ ಒಂದು ಕಡೆ ನದಿಯ ಬಯಲು ನೀರಾಯಿತು, ಇನ್ನೊಂದು ಕಡೆ ಕಾಡು ತುಂಡುತುಂಡಾಗಿ ಹೊಲವಾಯಿತು. ಪುಷ್ಪಗಿರಿ ಕಡೆಯ ದೊಡ್ಡ ಕಾಡಿಗೂ ಆಲೂರು ಸುತ್ತಲಿನ ಸಣ್ಣ ಕಾಡುಗಳಿಗೂ ನಡುವೆ ಓಡಾಡುತ್ತಿದ್ದ ಆನೆಗಳಿಗೆ ಹಿಂತಿರುಗುವ ದಾರಿ ಕಿರಿದಾಯಿತು, ನಿಲ್ಲುವ ಜಾಗ ತೋಟವಾಯಿತು.

ತೋಟದಲ್ಲಿ ಆನೆಗೆ ಬೇಕಾದುದೆಲ್ಲ ಇದೆ. ನೆರಳಿದೆ, ಕೆರೆಯಿದೆ, ಬಾಳೆಯಿದೆ, ಹಲಸಿದೆ. ನವೆಂಬರ್ ಹೊತ್ತಿಗೆ ಪಕ್ಕದ ಗದ್ದೆಯಲ್ಲಿ ಭತ್ತ ತೆನೆ ತುಂಬುತ್ತದೆ. ಅದೇ ತಿಂಗಳಲ್ಲಿ ಅರೇಬಿಕಾ ಕಾಫಿ ಹಣ್ಣಾಗಿ ಕೊಯ್ಲು ಆರಂಭವಾಗುತ್ತದೆ, ಲೈನ್ ಮನೆಗಳಿಂದ, ಅಂದರೆ ತೋಟದ ಸಾಲುಮನೆಗಳಿಂದ, ಆಳುಗಳು ಬೆಳಕು ಹರಿಯುವ ಮುನ್ನ ಹೊರಡುತ್ತಾರೆ. ಮಂಜು ಕವಿದ ಆ ಹೊತ್ತಿನಲ್ಲಿ ಕಾಫಿ ಗಿಡಗಳ ನಡುವೆ ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣುವುದಿಲ್ಲ. ದಿನಗೂಲಿ ಬಿಡಲಾಗದ ಕಾರಣಕ್ಕೆ ಆ ಹಾದಿಯಲ್ಲಿ ಕಾಲಿಟ್ಟವರ ಸಾವುಗಳೇ ಈ ಕಡತದ ತುಂಬ ಇವೆ.

ಕಡತ 2008ರಲ್ಲಿ ಹೈಕೋರ್ಟ್ ಮುಂದೆ ಬಂತು. ರಾಜ್ಯದಲ್ಲಿ ಆನೆಗಳ ಸಾವು ಮತ್ತು ಸಂಘರ್ಷ ಕುರಿತ ಆ ಪ್ರಕರಣದಲ್ಲಿ ನ್ಯಾಯಾಲಯವು ವಿಜ್ಞಾನಿ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಆನೆ ಕಾರ್ಯಪಡೆ ಎಂಬ ತಜ್ಞರ ಸಮಿತಿಯನ್ನು ರಚಿಸಿತು. 2012ರಲ್ಲಿ ಬಂದ ಅದರ ವರದಿ ರಾಜ್ಯದ ಆನೆ ಪ್ರದೇಶಗಳನ್ನು ಮೂರು ವಲಯಗಳಾಗಿ ವಿಂಗಡಿಸಿತು: ಆನೆಗೆ ಆದ್ಯತೆ ಇರುವುದು, ಜನ ಮತ್ತು ಆನೆ ಹೊಂದಿಕೊಂಡು ಇರಬೇಕಾದದ್ದು, ಆನೆಯನ್ನು ಅಲ್ಲಿಂದ ತೆಗೆಯಬೇಕಾದದ್ದು. ಆಲೂರು ಸುತ್ತಲಿನ ಭಾಗ ಕೊನೆಯ ಗುಂಪಿಗೆ ಸೇರಿತು. 2014ರ ಆರಂಭದಲ್ಲಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಊರಿನವರು ನಿಟ್ಟುಸಿರು ಬಿಟ್ಟರು.

ಆದರೆ ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಇಡೀ ಹಿನ್ನೆಲೆಯಲ್ಲಿ ನಾನು ಮತ್ತೆ ಮತ್ತೆ ಒತ್ತಿ ಹೇಳಬಯಸುವುದು ಈ ಒಂದು ಸಂಗತಿಯನ್ನೇ. ಇಷ್ಟು ದೊಡ್ಡ ಸೆರೆ ಕಾರ್ಯಾಚರಣೆ ನಡೆದ ನೆಲದಲ್ಲೇ ಕೆಲವು ವರ್ಷಗಳೊಳಗೆ ಹೊಸ ಹಿಂಡುಗಳು ತಿರುಗತೊಡಗಿದವು, ಮರಿಗಳೂ ಹುಟ್ಟಿದವು. ಈಗ ಜನ ಅವುಗಳನ್ನು ಹೆಸರಿಟ್ಟು ಕರೆಯುತ್ತಾರೆ: ಬೀಟಮ್ಮ, ಭುವನೇಶ್ವರಿ, ಭೀಮ. ಬೀಟಮ್ಮನ ಗುಂಪು ಬೇಲೂರು ದಾಟಿ ಚಿಕ್ಕಮಗಳೂರಿನ ಸುತ್ತಮುತ್ತ ಬಂದಾಗ ಊರಿಗೆ ಊರೇ ಎಚ್ಚರವಾಗಿ ಕೂತದ್ದುಂಟು. ದಾರಿಯನ್ನೂ ಮೇವನ್ನೂ ಹಾಗೆಯೇ ಬಿಟ್ಟು ಪ್ರಾಣಿಯನ್ನು ಮಾತ್ರ ಎತ್ತಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕುಂದೂರಿನ ಘಟನೆಯ ನಂತರ ಸರ್ಕಾರ ಚುರುಕಾಯಿತು. ಹಾಸನ, ಚಿಕ್ಕಮಗಳೂರು, ಕೊಡಗು, ಮೈಸೂರು ಜಿಲ್ಲೆಗಳಿಗೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಗಳು ಬಂದವು. ಜೀವಹಾನಿಯ ಪರಿಹಾರ 7.5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿತು. ಹೊಸ ಶಾಸಕರು ಬಂದ ವರ್ಷವೇ ಕಡತಕ್ಕೆ ಇನ್ನೆರಡು ಭಾರವಾದ ಪುಟಗಳು ಸೇರಿದವು. 2023ರ ಆಗಸ್ಟ್ ಕೊನೆಯಲ್ಲಿ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮನಿಗೆ ಚಿಕಿತ್ಸೆ ಕೊಡಲು ಅರಿವಳಿಕೆ ಮದ್ದು ಹಾರಿಸಿದ ಅನುಭವಿ ಸಿಬ್ಬಂದಿಯೊಬ್ಬರನ್ನು ಅದೇ ಆನೆ ಕೊಂದಿತು. ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸಾಕಾನೆ ಅರ್ಜುನ ಸತ್ತ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ ಅದು, 1968ರಲ್ಲಿ ಕಾಕನಕೋಟೆಯಲ್ಲಿ, ಕಾಡಾನೆಗಳನ್ನು ಅಟ್ಟಿ ಹಿಡಿಯುವ ಖೆಡ್ಡಾಕ್ಕೆ ಬಿದ್ದದ್ದು. ಅಂದು ನಾಡೇ ಅತ್ತಿತು, ನಾನೂ ಅತ್ತೆ.

ಶಾಸಕರ ಕೈಯಲ್ಲಿ ಏನಿದೆ ಎಂದು ಈಗ ನೋಡೋಣ. ಆನೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅದನ್ನು ಹಿಡಿಯಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು. ‘ಗೆದ್ದ ತಿಂಗಳಲ್ಲೇ ಆನೆ ಓಡಿಸುತ್ತೇನೆ’ ಎನ್ನುವ ಅಭ್ಯರ್ಥಿ ತನಗಿಲ್ಲದ ಅಧಿಕಾರದ ಭರವಸೆ ಕೊಡುತ್ತಿದ್ದಾರೆ, ಮತದಾರರು ಅದನ್ನು ಅಲ್ಲೇ ಹೇಳಬೇಕು. ಆದರೆ ಭೂಮಿಯ ಪ್ರಶ್ನೆ ರಾಜ್ಯದ್ದು. ಕಾಡಂಚಿನ ಕೆಲವು ಹಳ್ಳಿಗಳ ಜನ ಸರಿಯಾದ ಬೆಲೆ ಕೊಟ್ಟರೆ ಜಮೀನು ಬಿಟ್ಟು ಹೋಗಲು ತಾವು ಸಿದ್ಧ ಎಂದು ಬಹಳ ಹಿಂದೆಯೇ ಹೇಳಿದ್ದಾರೆ. ಆ ಹಣ ಆಯವ್ಯಯದಲ್ಲಿ ಬರಬೇಕು, ಅದಕ್ಕಾಗಿ ಸದನದಲ್ಲಿ ಹಟ ಹಿಡಿಯುವುದು ಶಾಸಕರ ಕೆಲಸ. ಆನೆ ದಾಟದಂತೆ ರೈಲ್ವೆ ಹಳಿಗಳಿಂದ ಮಾಡುವ ತಡೆಗೋಡೆಯನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಿದರೆ ಪಕ್ಕದ ಊರಿಗೆ ಆನೆಯನ್ನು ದೂಡಿದಂತಾಗುತ್ತದೆ ಎಂಬ ಜಗಳವನ್ನು ಕೂತು ಬಗೆಹರಿಸುವುದೂ ಅವರದೇ. ಭದ್ರಾ ಕಾಡಿನಲ್ಲಿ ಹಿಡಿದ ಆನೆಗಳನ್ನು ಬಿಡುವ ಧಾಮ ಮಾಡುವ ಮಾತು ಸರ್ಕಾರದಿಂದ ಬಂದಿದೆ. 2014ರ ಅನುಭವ ಕಣ್ಣ ಮುಂದಿರುವಾಗ ಅದೊಂದನ್ನೇ ನೆಚ್ಚಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಮೀಸಲು ಕ್ಷೇತ್ರದ ಮಾತಿಗೂ ಇಲ್ಲಿ ಅರ್ಥವಿದೆ. ಬೆಳೆಗಾರರ ಸಂಘಗಳಿಗೆ ಗಟ್ಟಿ ದನಿಯಿದೆ, ಕಾಲ್ತುಳಿತಕ್ಕೆ ಸಿಕ್ಕ ಕಾಫಿ ಗಿಡದ ಪರಿಹಾರ ಸಾಲದೆಂಬ ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ತೋಟದ ಆಳುಗಳಲ್ಲಿ ದೊಡ್ಡ ಪಾಲು ಪರಿಶಿಷ್ಟ ಜಾತಿಯವರದು, ಆ ಸಮುದಾಯದ ಪ್ರತಿನಿಧಿಯಾಗಿ ಸದನಕ್ಕೆ ಹೋದವರು ಲೈನ್ ಮನೆಯ ದಾರಿದೀಪದ ಬಗ್ಗೆ, ಕೊಯ್ಲಿನ ಹೊತ್ತಿನ ಬಗ್ಗೆ, ಆಳುಗಳನ್ನು ವಾಹನದಲ್ಲಿ ಕರೆದೊಯ್ಯುವ ಹೊಣೆ ಯಾರದು ಎಂಬ ಬಗ್ಗೆ ಮೊದಲು ಮಾತಾಡಬೇಕು ಎಂದು ನಾನು ಬಯಸುತ್ತೇನೆ.

ಹಾಸನ ಜಿಲ್ಲೆಯಲ್ಲಿ ಕೆಲವು ವರ್ಷಗಳಿಂದ ಆನೆಗಳ ಚಲನವಲನ ಮೊಬೈಲ್‌ಗೆ ಸಂದೇಶವಾಗಿ, ಕರೆಯಾಗಿ ಬರುತ್ತದೆ. ಅಲ್ಲಲ್ಲಿ ಕೆಂಪು ದೀಪದ ಕಂಬಗಳೂ ಇವೆ. ಇದರಿಂದ ಉಳಿದ ಜೀವಗಳಿವೆ. ಆದರೆ ಸಂದೇಶ ಬರುವುದು ಸಂಖ್ಯೆ ನೋಂದಾಯಿಸಿಕೊಂಡವರಿಗೆ, ಸಿಗ್ನಲ್ ಇರುವ ಕಡೆಗೆ, ಅದರ ಭಾಷೆ ಬಲ್ಲವರಿಗೆ. ಈಗ ತೋಟಗಳಲ್ಲಿ ಹಣ್ಣು ಕೊಯ್ಯುವವರಲ್ಲಿ ಬಹಳ ಮಂದಿ ಉತ್ತರ ಕರ್ನಾಟಕದಿಂದ, ಅಸ್ಸಾಂನಿಂದ ಬಂದವರು. ಯಾವ ಕೆರೆಯ ಏರಿಯಲ್ಲಿ ಆನೆ ದಾಟುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಮೂಡಿಗೆರೆಯ ಮತದಾರರ ಪಟ್ಟಿಯಲ್ಲೂ ಸಕಲೇಶಪುರದ ಪಟ್ಟಿಯಲ್ಲೂ ಅವರಲ್ಲಿ ಹೆಚ್ಚಿನವರ ಹೆಸರಿಲ್ಲ. ಮುಂದಿನ ಸಲ ಮತ ಕೇಳಿಕೊಂಡು ಹೊಸಬರು ಬಂದಾಗ ಅವರನ್ನು ನಿಲ್ಲಿಸಿ ಪ್ರಶ್ನೆ ಕೇಳಲು ಈ ಆಳುಗಳು ಅಲ್ಲಿರುವುದಿಲ್ಲ. ನವೆಂಬರಿನ ಮುಂಜಾನೆ ಮಂಜಿನಲ್ಲಿ ಲೈನ್ ಮನೆಯಿಂದ ಹೊರಡುವಾಗ ಇರುತ್ತಾರೆ.