ಹಳದಿ ಕಲ್ಲು, ಬಿಳಿ ನೀರು: ಓವನ್ ಮೊಟ್ಟೆ ಯಾಕೆ ಹೀಗಾಗುತ್ತದೆ?

ಪ್ರಶ್ನೆ ಇದು, ಪದಗಳು ಆಚೀಚೆ ಆಗುತ್ತವೆ ಅಷ್ಟೇ: "ಬಟ್ಟಲಿಗೆ ಬೆಣ್ಣೆ ಸವರಿ, ಮೊಟ್ಟೆ ಒಡೆದು ಹಾಕಿ ಓವನ್‌ನಲ್ಲಿಟ್ಟೆ. 15 ನಿಮಿಷ ಆದರೂ ಬಿಳಿ ಲೋಳೆಲೋಳೆ. ಇನ್ನೊಂದು 5 ನಿಮಿಷ ಬಿಟ್ಟೆ. ಹಳದಿ ಕಲ್ಲಾಯ್ತು, ಅಡಿಯಲ್ಲಿ ಬಿಳಿ ಇನ್ನೂ ನೀರು. ಹಾಗಾದ್ರೆ ಎಷ್ಟು ನಿಮಿಷ ಇಡಬೇಕು?"

ಎಷ್ಟು ನಿಮಿಷ. ಮನೆಯಲ್ಲಿ ಸಣ್ಣದೊಂದು ಬೇಕಿಂಗ್ ಕ್ಲಾಸ್ ನಡೆಸುವ ನನಗೆ ಈ ಎರಡು ಪದ ಕೇಳಿದರೆ ಈಗ ತಲೆನೋವು ಶುರುವಾಗುತ್ತದೆ. ಒಂದು ಕಾಲದಲ್ಲಿ ಸುಮ್ನೆ "12 ನಿಮಿಷ" ಅಂತ ಹೇಳಿ ಕಳಿಸುತ್ತಿದ್ದೆ. ಮುಂದಿನ ಭಾನುವಾರ ಅವರೇ ಮತ್ತೆ ಬರುತ್ತಿದ್ದರು, ಫೋಟೋ ಸಮೇತ. ಫೋಟೋದಲ್ಲಿ ಅದೇ ಕಲ್ಲು, ಅದೇ ನೀರು. ಆಮೇಲೆ ನಿಮಿಷ ಹೇಳುವುದನ್ನೇ ಬಿಟ್ಟೆ.

ಮೊದಲು ಒಂದು ಮಾತು. ಇಲ್ಲಿ ಓವನ್ ಅಂದರೆ ಓಟಿಜಿ (ಮೇಲೆ ಕೆಳಗೆ ಕಾಯುವ ರಾಡ್ ಇರುವ ಪುಟ್ಟ ಓವನ್), ಅಥವಾ ಕನ್ವೆಕ್ಷನ್, ಅಂದರೆ ಬಿಸಿಗಾಳಿ ಸುತ್ತಿಸುವ ಸೌಲಭ್ಯ, ಇರುವಂಥದ್ದು. ಬರೀ ಮೈಕ್ರೋವೇವ್ ಇರುವವರು ದಯವಿಟ್ಟು ಇದನ್ನು ಅದರಲ್ಲಿ ಮಾಡಲು ಹೋಗಬೇಡಿ. ಹಳದಿಯ ಸುತ್ತ ತೆಳು ಪೊರೆ ಇರುತ್ತದೆ, ಅದರೊಳಗೆ ಆವಿ ಕಟ್ಟಿಕೊಂಡು ಢಬ್ ಅಂತ ಸಿಡಿಯುತ್ತದೆ. ಮೂಲೆಮೂಲೆ ಒರೆಸುವ ಕೆಲಸ ಆಮೇಲೆ ನಿಮ್ಮದೇ.

ಈಗ ವಿಷಯ. ಇದರಲ್ಲಿ ನಿಮಿಷದ ತಪ್ಪು ಏನೂ ಇಲ್ಲ. ಎಲ್ಲರ ತಲೆಯಲ್ಲೂ ಗಟ್ಟಿಯಾಗಿ ಕೂತಿರುವ ಒಂದು ನಂಬಿಕೆ ಇದೆ: ಬಿಳಿ ಸುಲಭವಾಗಿ ಬೇಯುತ್ತದೆ, ಹಳದಿಗೆ ಜಾಸ್ತಿ ಕಾವು ಬೇಕು. ಹಾಗಾಗಿ ಬಿಳಿ ಬೇಯಲಿಲ್ಲ ಅಂದರೆ ಕಾವು ಸಾಲದು ಅಂತ ನಾಬ್ ತಿರುಗಿಸಿ 220 ಡಿಗ್ರಿಗೆ ಏರಿಸುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು, ಯಾಕಂದರೆ ನನಗೂ ಇತ್ತು. ಬೇಯಿಸಿದ ಮೊಟ್ಟೆಯಿಂದ ಬಂತು. ಕುದಿಯುವ ನೀರಿನಿಂದ 6 ನಿಮಿಷಕ್ಕೆ ತೆಗೆದರೆ ಬಿಳಿ ಗಟ್ಟಿ, ಹಳದಿ ಹರಿಯುತ್ತದೆ. 10 ನಿಮಿಷಕ್ಕೆ ತೆಗೆದರೆ ಎರಡೂ ಗಟ್ಟಿ. ನೋಡಿದವರಿಗೆ ಏನನಿಸುತ್ತದೆ? ಹಳದಿ ಹಟಮಾರಿ ಅಂತ. ಆದರೆ ಹಳದಿ ಇರುವುದು ನಡುಮನೆಯಲ್ಲಿ. ಅಂಗಳದಲ್ಲಿ ನಿಂತವನಿಗೆ ಬಿಸಿಲು ಮೊದಲು ತಾಗುತ್ತದೆ, ನಡುಮನೆಯಲ್ಲಿ ಕೂತವನಿಗೆ ಸೆಖೆ ಆಮೇಲೆ ಗೊತ್ತಾಗುತ್ತದೆ. ಅಷ್ಟಕ್ಕೇ ಒಳಗಿನವನು ಸೆಖೆ ತಡೆಯುವ ಆಸಾಮಿ ಅಂತ ಹೇಳಕ್ಕಾಗುತ್ತಾ?

ಲೆಕ್ಕ ಉಲ್ಟಾ ಇದೆ. ಹಳದಿ 65 ಡಿಗ್ರಿ ಸೆಲ್ಸಿಯಸ್ ಹತ್ತಿರ ದಪ್ಪಗಾಗಲು ಶುರುವಾಗಿ, 70ರ ಹೊತ್ತಿಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಬಿಳಿಯಲ್ಲಿ ಒಂದೇ ಪ್ರೋಟೀನ್ ಇರುವುದಿಲ್ಲ, ಹಲವು ಇರುತ್ತವೆ. ಓವೋಟ್ರಾನ್ಸ್‌ಫೆರಿನ್ ಅನ್ನುವುದು 62ರ ಸುಮಾರಿಗೇ ಕಟ್ಟಿಕೊಳ್ಳುತ್ತದೆ, ಅದರಿಂದಲೇ ಬಿಳಿ ಹಾಲಿನ ಬಣ್ಣಕ್ಕೆ ತಿರುಗಿ ಮೆತ್ತಗೆ ನಡುಗುವುದು. ಆದರೆ ಅದು ಬಿಳಿಯ ಪ್ರೋಟೀನಿನಲ್ಲಿ ಸುಮಾರು ನೂರಕ್ಕೆ 12 ಪಾಲು ಮಾತ್ರ. ಅರ್ಧಕ್ಕಿಂತ ಜಾಸ್ತಿ ಇರುವುದು ಓವಲ್ಬ್ಯುಮಿನ್, ಅದಕ್ಕೆ 80 ಡಿಗ್ರಿ ಹತ್ತಿರ ಬೇಕು. ಅಂದರೆ ಬಿಳಿ ಮೊದಲು ಶುರು ಮಾಡುತ್ತದೆ, ಕೊನೆಗೆ ಮುಗಿಸುತ್ತದೆ. ಹಳದಿ ನಡುವೆ ಬಂದು ತನ್ನ ಕೆಲಸ ಮುಗಿಸಿಕೊಂಡು ಹೋಗಿರುತ್ತದೆ.

ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಹಾಸನದ ಚಿಕ್ಕಮ್ಮ ಅಂತೂ ಕೈ ಅಲ್ಲಾಡಿಸಿ, "ನಲವತ್ತು ವರ್ಷದಿಂದ ಮೊಟ್ಟೆ ಬೇಯಿಸ್ತಾ ಇದೀನಿ ಕಣೇ, ನನಗೆ ಹೇಳಿಕೊಡಕ್ಕೆ ಬರ್ತೀಯಾ" ಅಂದರು. ಸರಿ, ಬಾಯಲ್ಲಿ ವಾದ ಬೇಡ ಅಂತ ಒಂದು ದಬರಿ ತುಂಬ ನೀರಿಟ್ಟೆ. ಅಡುಗೆ ಥರ್ಮಾಮೀಟರ್ ಇಳಿಬಿಟ್ಟು, ಸ್ಟವ್ ಹಚ್ಚುವುದು ಆರಿಸುವುದು ಮಾಡುತ್ತಾ ನೀರನ್ನು 67ರ ಆಸುಪಾಸಿನಲ್ಲೇ 50 ನಿಮಿಷ ಹಿಡಿದಿಟ್ಟೆ. ಒಳಗೆ ಎರಡು ಮೊಟ್ಟೆ, ಸಿಪ್ಪೆ ಸಮೇತ. ಇಷ್ಟು ಹೊತ್ತು ಇಟ್ಟರೆ ಒಳಗೂ ಹೊರಗೂ ಒಂದೇ ಕಾವು, ಅಂಗಳ ನಡುಮನೆ ಅನ್ನುವ ಭೇದವೇ ಇಲ್ಲ. ಆಮೇಲೆ ಸ್ಟೀಲ್ ತಟ್ಟೆಗೆ ಒಡೆದೆ.

ಬಿಳಿ ಸರಿಯಾಗಿ ಹೆಪ್ಪಾಗದ ಮೊಸರಿನ ಹಾಗೆ ಜಾರಿ ತಟ್ಟೆಯ ಅಂಚಿಗೆ ಹೋಯಿತು, ಸ್ವಲ್ಪ ನೀರೂ ಬಿಟ್ಟಿತ್ತು. ನಡುವೆ ಹಳದಿ ಮಾತ್ರ ದುಂಡಗೆ ಉಳಿಯಿತು. ಚಮಚದಲ್ಲಿ ಕತ್ತರಿಸಿದರೆ ಪೇಡದ ಹಾಗೆ ಎರಡು ಹೋಳು. ಒಂದು ಹನಿ ಹರಿಯಲಿಲ್ಲ. ಚಿಕ್ಕಮ್ಮ ಬೆರಳಲ್ಲಿ ಒತ್ತಿ ನೋಡಿದರು, ಮೂಸಿ ನೋಡಿದರು, ಕೊನೆಗೆ "ಈ ಅಂಗಡಿ ಮೊಟ್ಟೆನೇ ಸರಿ ಇಲ್ಲ" ಅಂದುಬಿಟ್ಟರು.

ಅಂಗಡಿ ಮೊಟ್ಟೆಯ ಮೇಲೆ ತಪ್ಪು ಹಾಕುವ ಹಾಗಿಲ್ಲ. ಜಪಾನಿನಲ್ಲಿ ಇದನ್ನು ಬೇಕು ಅಂತಲೇ ಮಾಡಿ ತಿನ್ನುತ್ತಾರೆ. ಬಿಸಿನೀರಿನ ಬುಗ್ಗೆಗಳಲ್ಲಿ ಮೊಟ್ಟೆ ಇಳಿಬಿಟ್ಟು, ಬಿಳಿ ಅರೆಬೆಂದು ಹಳದಿ ಅದಕ್ಕಿಂತ ಗಟ್ಟಿಯಾದಾಗ ತೆಗೆಯುತ್ತಾರೆ. ಹೆಸರು ಒನ್ಸೆನ್ ತಮಾಗೊ. ಒನ್ಸೆನ್ ಅಂದರೆ ಬಿಸಿನೀರಿನ ಬುಗ್ಗೆ, ತಮಾಗೊ ಅಂದರೆ ಮೊಟ್ಟೆ.

ಚಿಕ್ಕಮ್ಮನ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ದಿನಾ ಮಾಡುವುದು ತವದ ಮೇಲೆ ಹಾಫ್ ಬಾಯ್ಲ್. ಅಲ್ಲಿ ಕಾವು ಬರುವುದು ಕೆಳಗಿನಿಂದ. ಬಿಳಿ ತವಕ್ಕೆ ಅಂಟಿಕೊಂಡು ತೆಳ್ಳಗೆ ಹರಡಿರುತ್ತದೆ, ಹಳದಿ ಅದರ ಮೇಲೆ ದಿಂಬಿನ ಮೇಲೆ ಕೂತ ಹಾಗೆ ಕೂತಿರುತ್ತದೆ. ಅಲ್ಲಿ ಬಿಳಿ ಮೊದಲು ಬೆಂದೇ ಬೇಯುತ್ತದೆ. ಓವನ್‌ನಲ್ಲಿ ಆಗುವುದು ಇದರ ತದ್ವಿರುದ್ಧ. ಮೇಲಿನ ರಾಡ್ ಕೆಂಪಗೆ ಕಾದು ನೇರವಾಗಿ ಹಳದಿಯ ನೆತ್ತಿಗೇ ಹೊಡೆಯುತ್ತದೆ, ಯಾಕಂದರೆ ಬಟ್ಟಲಿನಲ್ಲಿ ಎಲ್ಲಕ್ಕಿಂತ ಮೇಲೆ ಉಬ್ಬಿಕೊಂಡಿರುವುದು ಅದೇ. ಬಿಳಿಯ ಬಹುಪಾಲು ದಪ್ಪ ಪಿಂಗಾಣಿಯ ಅಡಿಯಲ್ಲಿ ತಣ್ಣಗೆ ಅವಿತಿರುತ್ತದೆ. ಮೊಟ್ಟೆ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾದರೆ ಇನ್ನೂ ಚೆನ್ನ. ಸುಲಭವಾಗಿ ಗಟ್ಟಿಯಾಗುವುದಕ್ಕೆ ಜಾಸ್ತಿ ಕಾವು, ಜಾಸ್ತಿ ಕಾವು ಬೇಕಾದದ್ದಕ್ಕೆ ಕಮ್ಮಿ. 220 ಮಾಡಿದರೆ ಈ ಅನ್ಯಾಯ ಜಾಸ್ತಿಯಾಗುತ್ತದೆಯೇ ಹೊರತು ಸರಿ ಹೋಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದು ಇಷ್ಟೇ: ಬಿಳಿಗೆ ಕೆಳಗಿನಿಂದಲೂ ಪಕ್ಕದಿಂದಲೂ ಕಾವು ಕೊಡಬೇಕು, ಹಳದಿಯ ತಲೆಗೆ ಕೊಡೆ ಹಿಡಿಯಬೇಕು.

ಓವನ್ 180ಕ್ಕೆ ಕಾಯಲಿಕ್ಕೆ ಬಿಡಿ. ಆಳದ ಟ್ರೇ ಒಂದನ್ನು ತೆಗೆದುಕೊಂಡು, ಬಟ್ಟಲುಗಳ ಅರ್ಧ ಎತ್ತರಕ್ಕೆ ಬರುವಷ್ಟು ಕುದಿಯುವ ನೀರು ಹಾಕಿ. ತಣ್ಣೀರು ಹಾಕಿ "ಅದೇ ಕಾಯುತ್ತೆ ಬಿಡಿ" ಅನ್ನುವವರಿದ್ದಾರೆ. ಕಾಯುತ್ತದೆ ನಿಜ, ಅಷ್ಟು ಹೊತ್ತಿಗೆ ಹಳದಿಯ ಕಥೆ ಮುಗಿದಿರುತ್ತದೆ. ನೀರು ಯಾಕೆ ಅಂತ ಕೇಳಬೇಡಿ, ನೀವೇ ನೋಡಿದ್ದೀರಿ. 180 ಡಿಗ್ರಿ ಓವನ್ ಒಳಗೆ ಎರಡು ಸೆಕೆಂಡ್ ಕೈ ಹಾಕಿ ತೆಗೆಯಬಹುದು, ಏನೂ ಆಗಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಬರುವ ಹಬೆ ಬರೀ 100 ಡಿಗ್ರಿ, ಆದರೂ ಕೈ ಸುಟ್ಟು ಬೊಬ್ಬೆ ಬರುತ್ತದೆ. ಒಣ ಗಾಳಿ ಕಾವನ್ನು ಮುಟ್ಟಿಸುವುದರಲ್ಲಿ ಮಹಾ ಸೋಮಾರಿ. ನೀರು, ಹಬೆ ಹಾಗಲ್ಲ. ಇಡ್ಲಿ ತಟ್ಟೆಗೆ ಎಣ್ಣೆ ಸವರಿ ಮೊಟ್ಟೆ ಒಡೆದು ಹಾಕಿ ಹಬೆಯಲ್ಲಿ ಬೇಯಿಸುವವರಿಗೆ ಈ ಬಿಳಿ ಬೇಯದ ತೊಂದರೆ ಬರದಿರುವುದೂ ಇದೇ ಕಾರಣಕ್ಕೆ.

ಬಟ್ಟಲಿಗೆ ಬೆಣ್ಣೆ. ತಳಕ್ಕೆ ಏನಾದರೂ ಹಾಕುವುದಾದರೆ ಬಿಸಿಬಿಸಿ ಹಾಕಿ. ನಾನು ನಿನ್ನೆಯ ಟೊಮೆಟೊ ಗೊಜ್ಜನ್ನು ಕುದಿಸಿ ಎರಡು ಚಮಚ ಹಾಕುತ್ತೇನೆ. ಫ್ರಿಜ್‌ನಿಂದ ತೆಗೆದ ತಣ್ಣನೆ ಗೊಜ್ಜಿನ ಮೇಲೆ ಮೊಟ್ಟೆ ಒಡೆದರೆ ಐಸ್ ಹಾಸಿಗೆಯ ಮೇಲೆ ಮಲಗಿಸಿ ಮೇಲಿಂದ ಹೀಟರ್ ಹಚ್ಚಿದ ಹಾಗೆ. ಶಕ್ಷುಕಾ (ಟೊಮೆಟೊ ಗೊಜ್ಜಿನಲ್ಲೇ ಮೊಟ್ಟೆ ಬೇಯಿಸುವ ತಿಂಡಿ) ಓವನ್‌ನಲ್ಲಿ ಮಾಡಿ ಕೆಡಿಸಿಕೊಳ್ಳುವವರಲ್ಲಿ ಮುಕ್ಕಾಲು ಜನ ಎಡವುವುದು ಇಲ್ಲೇ. ಮೊಟ್ಟೆಯನ್ನು ಮೊದಲು ಲೋಟಕ್ಕೆ ಒಡೆದು ನೋಡಿಕೊಂಡು ಆಮೇಲೆ ಬಟ್ಟಲಿಗೆ ಜಾರಿಸಿ.

ಇನ್ನು ಕೊಡೆ. ಫ್ರೆಂಚರು ಈ ತಿಂಡಿಗೆ ಅದನ್ನು ಮಾಡುವ ಪುಟ್ಟ ಪಾತ್ರೆಯ ಹೆಸರನ್ನೇ ಇಟ್ಟಿದ್ದಾರೆ, ಕೊಕೊಟ್ ಅಂತ. ಅವರು ಮೊಟ್ಟೆಯ ಮೇಲೆ ಒಂದು ಚಮಚ ಕ್ರೀಮ್ ಹಾಕುತ್ತಾರೆ. ರುಚಿಗೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ರುಚಿಗೂ ಹೌದು, ಅದರ ಜೊತೆ ಹಳದಿಗೆ ಹೊದಿಕೆಯೂ ಹೌದು. ನಮ್ಮ ಮನೆಯಲ್ಲಿ ಹಾಲಿನ ಕೆನೆಯೇ ಸಾಕು, ಎರಡು ದಿನದ್ದು ಕೂಡಿಟ್ಟರೆ ನಾಲ್ಕು ಬಟ್ಟಲಿಗಾಗುತ್ತದೆ. ಓಟಿಜಿಯಲ್ಲಿ ಕೆಳಗಿನ ರಾಡ್ ಮಾತ್ರ ಹಚ್ಚುವ ಗುರುತು ಇದ್ದರೆ ಅಲ್ಲಿಗೆ ತಿರುಗಿಸಿ. ಇಲ್ಲದಿದ್ದರೆ ಬಟ್ಟಲುಗಳ ಮೇಲೆ ಫಾಯಿಲ್ ಸಡಿಲವಾಗಿ ಮುಚ್ಚಿ. ಉಪ್ಪು ಈಗ ಬೇಡ, ಹಳದಿಯ ಮೇಲೆ ಬಿದ್ದ ಕಡೆಯೆಲ್ಲ ಬಿಳಿ ಚುಕ್ಕೆ ಮೂಡುತ್ತದೆ. ತಿನ್ನುವಾಗ ಉಪ್ಪು, ಕಾಳುಮೆಣಸಿನ ಪುಡಿ ಹಾಕಿಕೊಂಡರಾಯಿತು.

ಸರಿ, ನಿಮಿಷ. 9ನೇ ನಿಮಿಷದಿಂದ ನೋಡಲು ಶುರು ಮಾಡಿ. ಬಟ್ಟಲು ದಪ್ಪ ಇದ್ದರೆ 14ರ ತನಕ ಹೋಗಬಹುದು, ಅಗಲವಾದ ತೆಳು ಸ್ಟೀಲ್ ಬಟ್ಟಲಾದರೆ ಬೇಗ ಮುಗಿಯುತ್ತದೆ. ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಇಡೀ ಬಿಳಿ ಅಲೆಯ ಹಾಗೆ ತುಳುಕಿದರೆ ಇನ್ನೂ ಇದೆ. ಅಂಚು ನಿಂತು, ಹಳದಿಯ ಸುತ್ತ ಮಾತ್ರ ಗಿಣ್ಣಿನ ಹಾಗೆ ನಡುಗಿದರೆ ತಕ್ಷಣ ಹೊರಗೆ ತೆಗೆಯಿರಿ. "ಇನ್ನೂ ಪೂರ್ತಿ ಆಗಿಲ್ಲ ಅಲ್ವಾ" ಅಂತ ನಿಮಗೆ ಅನಿಸುತ್ತದೆ. ಬಟ್ಟಲಿನ ಬಿಸಿಗೆ ಇನ್ನೆರಡು ನಿಮಿಷದಲ್ಲಿ ಆ ನಡುಕವೂ ನಿಲ್ಲುತ್ತದೆ. ಪೂರ್ತಿ ನಿಂತ ಮೇಲೆ ತೆಗೆದವರಿಗೆ ಮೇಜಿನ ಮೇಲೆ ಸಿಗುವುದು ರಬ್ಬರ್.

ಇಷ್ಟಾದರೂ ಆಗಲಿಲ್ಲ ಅನ್ನುವವರಿಗೆ ಬ್ರಹ್ಮಾಸ್ತ್ರ ಒಂದಿದೆ. ಬಿಳಿ ಹಳದಿ ಬೇರೆ ಮಾಡಿ. ಬರೀ ಬಿಳಿಯನ್ನು 6 ನಿಮಿಷ ಓವನ್‌ನಲ್ಲಿಟ್ಟು, ಅದು ಅರೆಗಟ್ಟಿಯಾದ ಮೇಲೆ ಚಮಚದಲ್ಲಿ ನಡುವೆ ಗುಳಿ ಮಾಡಿ ಹಳದಿ ಕೂರಿಸಿ, ಮತ್ತೆ 4 ನಿಮಿಷ. ಕ್ಲಾಸಿನಲ್ಲಿ ಇದನ್ನು ಮಾಡಿ ತೋರಿಸಿದ ದಿನ ಎಲ್ಲರೂ ಚಪ್ಪಾಳೆ ಹೊಡೆದರು, ನನಗೂ ಸ್ವಲ್ಪ ಜಂಬ ಬಂದಿದ್ದು ಸುಳ್ಳಲ್ಲ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಮಾತ್ರ ಹರಿಯುವ ಹಳದಿಯ ಆಸೆ ಬಿಟ್ಟು ಪೂರ್ತಿ ಬೇಯಿಸಿ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣುವಿನ ಜೊತೆ ಆಟ ಬೇಡ.

ಒಂದು ವಿಷಯ ಯಾರೂ ಕೇಳುವುದಿಲ್ಲ: ಯಾವ ಮೊಟ್ಟೆ? ನಾಟಿಯೋ ಫಾರಂದೋ ಅಂತ ಜಗಳ ಆಡುತ್ತಾರೆ, ಎಷ್ಟು ದಿನದ್ದು ಅಂತ ಕೇಳುವುದಿಲ್ಲ. ಹೊಸ ಮೊಟ್ಟೆ ಒಡೆದರೆ ಬಿಳಿ ಹಳದಿಯ ಸುತ್ತ ದಪ್ಪಗೆ ಕೂತಿರುತ್ತದೆ, ಸ್ವಲ್ಪ ಮಬ್ಬು ಮಬ್ಬಾಗಿ. ಪಕ್ಕದಲ್ಲಿ ತಿರುಚಿದ ಬಿಳಿ ದಾರವೂ ಕಾಣುತ್ತದೆ. ಅದನ್ನು ಮರಿಯ ಅಂಶ ಅಂತ ಹೆದರಿ ಚಮಚದಲ್ಲಿ ಎತ್ತಿ ಎಸೆಯುವವರಿದ್ದಾರೆ. ಹಳದಿಯನ್ನು ನಡುವೆ ಹಿಡಿದಿಡುವ ಹಗ್ಗ ಅದು, ಎದ್ದು ಕಂಡಷ್ಟೂ ಮೊಟ್ಟೆ ಹೊಸದು. ದಿನ ಕಳೆದ ಹಾಗೆ ಸಿಪ್ಪೆಯ ಸಾವಿರಾರು ತೂತುಗಳಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಬಿಳಿಯ ಪಿಎಚ್ (ಹುಳಿ-ಕ್ಷಾರದ ಅಳತೆ) 7.6ರ ಆಸುಪಾಸಿನಿಂದ 9 ದಾಟುತ್ತದೆ, ದಪ್ಪ ಬಿಳಿ ನೀರಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅಂಗಡಿ ಮುಂದೆ ಪೇರಿಸಿಟ್ಟ 30ರ ಟ್ರೇಗಳಲ್ಲಿ ಇದು ಇನ್ನೂ ಬೇಗ. ಬಟ್ಟಲಿನಲ್ಲಿ ಬೇಕ್ ಮಾಡಲು ಆ ನೀರು ಬಿಳಿ ಬೇಡ, ಹೊಸದೇ ಬೇಕು.

ಹಾಗಂತ ಹಳೇದನ್ನು ಎಸೆಯಬೇಡಿ. ಬೇಯಿಸಿ ಸುಲಿಯುವುದಕ್ಕೆ ಹಳೇದೇ ವಾಸಿ. ತೀರಾ ಹೊಸ ಮೊಟ್ಟೆಯ ಬಿಳಿ ಒಳಪೊರೆಗೆ ಗೋಂದಿನ ಹಾಗೆ ಅಂಟಿಕೊಂಡು, ಸುಲಿದರೆ ಮೈಯೆಲ್ಲಾ ಕಿತ್ತುಕೊಂಡು ಬರುತ್ತದೆ. ಪಿಎಚ್ ಏರಿದ ಮೇಲೆ ಆ ಅಂಟು ಸಡಿಲ. ಅದನ್ನೂ ತಣ್ಣೀರಿನಲ್ಲಿಟ್ಟು ಕುದಿಸುವ ಬದಲು ಕುದಿಯುವ ನೀರಿಗೆ ಇಳಿಸಿದರೆ ಸಿಪ್ಪೆ ಇನ್ನೂ ಸಲೀಸಾಗಿ ಬರುತ್ತದೆ.

ನಾನು ಮೊಟ್ಟೆ ತಂದ ದಿನವೇ ಸಿಪ್ಪೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಬರೆದಿಡುತ್ತೇನೆ. ಭಾನುವಾರದ ತಿಂಡಿಗೆ ಈ ವಾರದ್ದು, ಮಧ್ಯಾಹ್ನದ ಮೊಟ್ಟೆ ಸಾರಿಗೆ ಹೋದ ವಾರದ್ದು. ಫ್ರಿಜ್‌ನಲ್ಲಿ ಎಡಗಡೆ ಹಳೇದು, ಬಲಗಡೆ ಹೊಸದು. ರಾತ್ರಿ ಆಮ್ಲೆಟ್ ಮಾಡಿಕೊಳ್ಳುವ ಮನೆಯವರು ಯಾವಾಗಲೂ ಬಲಗಡೆಯದ್ದನ್ನೇ ಎತ್ತುತ್ತಾರೆ.