ಎರಡು ಕಾಲದ ಗಾಲ್ಫ್ ಜಿಟಿಐ: ಅಂಕಿಗಳನ್ನು ಓದುವ ಕ್ರಮ

1976ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರಿನ ಗರಿಷ್ಠ ಶಕ್ತಿ 110 ಅಶ್ವಶಕ್ತಿ; 2013ರ ಏಳನೆಯ ತಲೆಮಾರಿನ ಜಿಟಿಐಯದು 220. ಸರಿಯಾಗಿ ಎರಡರಷ್ಟು ಎಂಬ ಕಾರಣಕ್ಕೆ ಹೊಸ ಕಾರಿನ ಓಟವೂ ಎರಡರಷ್ಟು ಚುರುಕು ಎಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಹಳೆಯದರ ತೂಕ ಸುಮಾರು 810 ಕೆ.ಜಿ., ಹೊಸದರದು ಸುಮಾರು 1350 ಕೆ.ಜಿ. ಒಂದು ಟನ್ ತೂಕಕ್ಕೆ ದೊರೆಯುವ ಶಕ್ತಿಯನ್ನು ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ಸುಮಾರು 136, ಎರಡನೆಯದಕ್ಕೆ ಸುಮಾರು 163 ಅಶ್ವಶಕ್ತಿ ಬರುತ್ತದೆ. ಅಂದರೆ ಹೆಚ್ಚಳ ಶೇ. 20ರಷ್ಟು ಮಾತ್ರ.

ಹಾಗಿದ್ದರೂ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಹಳೆಯ ಕಾರಿಗೆ ಒಂಬತ್ತು ಸೆಕೆಂಡಿಗೂ ತುಸು ಹೆಚ್ಚು ಬೇಕಿದ್ದರೆ, ಹೊಸದಕ್ಕೆ ಆರೂವರೆ ಸೆಕೆಂಡು ಸಾಕು. ಈ ಅಂತರಕ್ಕೆ ಗೇರು, ಟೈರುಗಳ ಪಾಲೂ ಇದೆ. ಆದರೆ ಮುಖ್ಯ ಕಾರಣವನ್ನು ಟಾರ್ಕ್‌ನಲ್ಲಿ, ಅಂದರೆ ಎಂಜಿನ್ನಿನ ತಿರುಗಿಸುವ ಬಲದಲ್ಲಿ, ಅದಕ್ಕಿಂತಲೂ ಅದು ಎಂಜಿನ್ ಎಷ್ಟು ವೇಗವಾಗಿ ಸುತ್ತುವಾಗ ಒದಗುತ್ತದೆ ಎಂಬುದರಲ್ಲಿ ಹುಡುಕಬೇಕು. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ, ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಇಂಧನ ಇಂಜೆಕ್ಷನ್ ಹೊಂದಿದ್ದ 1.6 ಲೀಟರ್ ಎಂಜಿನ್ ತನ್ನ 140 ನ್ಯೂಟನ್ ಮೀಟರ್ ಟಾರ್ಕನ್ನು ಕೊಡುತ್ತಿದ್ದುದು 5000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 5000 ಸುತ್ತು). ಹೊಸ 2 ಲೀಟರ್ ಟರ್ಬೊ ಎಂಜಿನ್ 350 ನ್ಯೂಟನ್ ಮೀಟರನ್ನು 1500ರಿಂದ 4400 ಆರ್‌ಪಿಎಂವರೆಗೂ ಸಮವಾಗಿ ಕೊಡುತ್ತದೆ.

ಇದರ ಅರ್ಥವನ್ನು ಲೆಕ್ಕದಲ್ಲೇ ನೋಡಬಹುದು. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಶಕ್ತಿ ಕಿಲೋವ್ಯಾಟ್‌ನಲ್ಲಿ ಸಿಗುತ್ತದೆ. ಹೊಸ ಎಂಜಿನ್‌ಗೆ 2200 ಆರ್‌ಪಿಎಂ ಇಟ್ಟು ನೋಡಿದರೆ ಉತ್ತರ ಸುಮಾರು 81 ಕಿಲೋವ್ಯಾಟ್, ಅಂದರೆ 110 ಅಶ್ವಶಕ್ತಿ. ಹಳೆಯ ಎಂಜಿನ್ ಇಷ್ಟು ಶಕ್ತಿ ಹೊರಡಿಸಬೇಕಾದರೆ 6100 ಆರ್‌ಪಿಎಂವರೆಗೆ ಏರಬೇಕಿತ್ತು. ಗೇರು ಇಳಿಸಿ, ಎಂಜಿನ್ನನ್ನು ಕೂಗಿಸಿ ವೇಗ ಗಳಿಸುವ ಕೆಲಸವೇ ಹಳೆಯ ಜಿಟಿಐ ಓಡಿಸುವ ಸೊಗಸಾಗಿತ್ತು ಎನ್ನುವವರ ಮಾತು ಬರೀ ಹಳೆಯ ನೆನಪಿನ ಮೋಹವಲ್ಲ, ಅದಕ್ಕೆ ಈ ಅಂಕಿಗಳ ಆಧಾರವಿದೆ ಎಂಬುದು ನನ್ನ ಅಭಿಪ್ರಾಯ.

ತಿರುವುಗಳಲ್ಲಿಯೂ ಎರಡರ ಸ್ವಭಾವ ಬೇರೆ. ಹಿಂದಿನ ಎರಡು ಚಕ್ರಗಳನ್ನು ಟಾರ್ಶನ್ ಬೀಮ್ ಎಂಬ, ತಿರುಚಿಕೊಳ್ಳಬಲ್ಲ ಅಡ್ಡತೊಲೆ ಜೋಡಿಸಿದ್ದ ಮೊದಲ ಕಾರು ಜೋರಾಗಿ ತಿರುಗಿದಾಗ ಒಳಬದಿಯ ಹಿಂಚಕ್ರವನ್ನು ನೆಲದಿಂದ ಎತ್ತಿಬಿಡುತ್ತಿತ್ತು. ಏಳನೆಯ ತಲೆಮಾರಿನಲ್ಲಿ ಹಿಂದೆ, ಪ್ರತಿ ಚಕ್ರವನ್ನೂ ಹಲವು ಕೊಂಡಿಗಳಿಂದ ಬೇರೆಬೇರೆಯಾಗಿ ಹಿಡಿದಿಡುವ ಮಲ್ಟಿಲಿಂಕ್ ಸಸ್ಪೆನ್ಶನ್ ಇದೆ. ಎರಡೂ ಮುಂಚಕ್ರ ಚಾಲನೆಯ ಕಾರುಗಳೇ ಆದ್ದರಿಂದ, ಎಳೆಯುವ ಹೊಣೆಯೂ ತಿರುಗಿಸುವ ಹೊಣೆಯೂ ಮುಂದಿನ ಟೈರುಗಳ ಮೇಲೆಯೇ ಬೀಳುತ್ತವೆ. 140 ನ್ಯೂಟನ್ ಮೀಟರ್ ಇದ್ದಾಗ ಇದು ದೊಡ್ಡ ತೊಡಕಾಗಿರಲಿಲ್ಲ. 350 ಆದಾಗ, ತಿರುವಿನಲ್ಲಿ ಭಾರ ಕಳೆದುಕೊಂಡ ಒಳಬದಿಯ ಮುಂಚಕ್ರ ಸುಮ್ಮನೆ ಗಿರಕಿ ಹೊಡೆಯುತ್ತದೆ. ಅದನ್ನು ತಡೆಯಲೆಂದೇ 230 ಅಶ್ವಶಕ್ತಿಯ ಪರ್ಫಾರ್ಮೆನ್ಸ್ ಆವೃತ್ತಿಯಲ್ಲಿ ವಿದ್ಯುನ್ಮಾನ ನಿಯಂತ್ರಣದ ಡಿಫರೆನ್ಷಿಯಲ್ ಲಾಕ್ (ಎಡ–ಬಲ ಚಕ್ರಗಳ ನಡುವೆ ಬಲ ಹಂಚುವ ಗೇರಿಗೆ ಹಾಕುವ ತಡೆ) ಅಳವಡಿಸಿ, ಟಾರ್ಕನ್ನು ಹಿಡಿತವಿರುವ ಹೊರಬದಿಯ ಚಕ್ರಕ್ಕೆ ಸಾಗಿಸಲಾಯಿತು.